ನರ್ಸಮ್ಮನ ಬಸಿರು ಗುಟ್ಟಾಗಬೇಕೆ?

ಮಗಳಿಗೆ ನರ್ಸ್ ನೌಕರಿ ಸಿಕ್ಕಿತೆಂದರೆ ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ಮನೆಗಳಲ್ಲಿ ಹಬ್ಬ. 2024ರ ಜನವರಿ 31ರಂದು ತೆಲಂಗಾಣ ಸರ್ಕಾರ ಹೈದರಾಬಾದಿನಲ್ಲಿ ಸುಮಾರು 7 ಸಾವಿರ ಸ್ಟಾಫ್ ನರ್ಸುಗಳಿಗೆ ನೇಮಕ ಪತ್ರ ಹಂಚಿತು. ಅದೇ ವರ್ಷ ನಾರಾಯಣಪೇಟೆಗೂ ಗದ್ವಾಲಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದವು. ಕನ್ನಡ, ತೆಲುಗು ಎರಡೂ ಬಲ್ಲ ನರ್ಸಮ್ಮ ರಾಯಚೂರಿಗೂ ಬೇಕು, ಮಹಬೂಬನಗರಕ್ಕೂ ಬೇಕು.

ಆದರೆ ನೌಕರಿಗೆ ಸೇರುವ ವಯಸ್ಸೇ ಮದುವೆ, ಮಕ್ಕಳ ವಯಸ್ಸು. ಮೂರು ತಿಂಗಳ ಬಸುರಿ ಹೊಸ ದವಾಖಾನೆಗೆ ಹಾಜರಾಗುವ ದಿನ ಮನೆಯ ಹಿರಿಯರು ಕಿವಿಯಲ್ಲಿ ಹೇಳುವ ಮಾತು ಒಂದೇ: "ಈಗ್ಲೇ ಹೇಳಬ್ಯಾಡವ್ವಾ, ನೌಕರಿ ಪಕ್ಕಾ ಆಗ್ಲಿ." ಈ ಬುದ್ಧಿವಾದ ತಪ್ಪು. ಆದರೆ ಅದರ ಹಿಂದಿನ ಅಂಜಿಕೆ ಸುಳ್ಳಲ್ಲ.

1990ರಲ್ಲಿ ಎಲ್‌ಐಸಿಯಲ್ಲಿ ಪ್ರೊಬೇಷನ್ ಮೇಲಿದ್ದ ಮಹಿಳೆಯೊಬ್ಬರನ್ನು ಹೆರಿಗೆ ರಜೆಯಲ್ಲಿದ್ದಾಗಲೇ ಕೆಲಸದಿಂದ ತೆಗೆಯಲಾಯಿತು. ಸೇರುವಾಗ ತುಂಬಿದ ಅರ್ಜಿಯಲ್ಲಿ ಬಸಿರಿನ ಸಂಗತಿ ಮುಚ್ಚಿಟ್ಟರೆಂಬುದು ಆರೋಪ. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು. ಮುಟ್ಟು, ಬಸಿರು ಕೇಳುವ ಕಲಮುಗಳನ್ನೇ ಅರ್ಜಿಯಿಂದ ಕಿತ್ತುಹಾಕುವುದು ಒಳ್ಳೆಯದೆಂದು ಹೇಳಿತು. ಸೇನೆಯ ನರ್ಸೊಬ್ಬರನ್ನು 1988ರಲ್ಲಿ ಮದುವೆಯಾದರೆಂದು ಮನೆಗೆ ಕಳಿಸಲಾಗಿತ್ತು. ಅವರಿಗೆ 60 ಲಕ್ಷ ರೂಪಾಯಿ ಪರಿಹಾರದ ಆದೇಶ ಬಂದದ್ದು 2024ರ ಫೆಬ್ರವರಿಯಲ್ಲಿ. ನ್ಯಾಯ ಸಿಕ್ಕಿತು ನಿಜ, ಆದರೆ ಮೂವತ್ತಾರು ವರ್ಷ ತಡವಾಗಿ. ಸ್ಟೇಟ್ ಬ್ಯಾಂಕ್ ಕೂಡ ಮೂರು ತಿಂಗಳು ದಾಟಿದ ಬಸುರಿ 'ತಾತ್ಕಾಲಿಕವಾಗಿ ಅನರ್ಹ' ಎಂದು ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ 2022ರ ಜನವರಿಯಲ್ಲಿ ತಡೆಹಿಡಿಯಿತು. ಹೀಗಿರುವಾಗ ನಮ್ಮ ಹೆಣ್ಣುಮಗಳು ಅಂಜಿದರೆ ಆಶ್ಚರ್ಯವೇನು?

ಆದರೂ ಬೇರೆ ನೌಕರಿಯ ಗುಟ್ಟೇ ಬೇರೆ, ನರ್ಸಿನ ಗುಟ್ಟೇ ಬೇರೆ. ಎಕ್ಸ್‌ರೇ ಕೋಣೆ, ಕ್ಯಾನ್ಸರ್ ಔಷಧಿ, ಚಿಕನ್‌ಪಾಕ್ಸ್, ರುಬೆಲ್ಲಾ, ಕ್ಷಯದ ವಾರ್ಡು, ರೋಗಿಯನ್ನು ಎತ್ತಿ ಹೊರಳಿಸುವ ಕೆಲಸ, ರಾತ್ರಿ ಪಾಳಿ. ಇವುಗಳಲ್ಲಿ ಕೆಲವು ಹೊಟ್ಟೆಯೊಳಗಿನ ಕೂಸಿಗೆ ಮೊದಲ ತಿಂಗಳುಗಳಲ್ಲೇ ಹೆಚ್ಚು ಅಪಾಯ. ರುಬೆಲ್ಲಾ ಲಸಿಕೆ ಬಸಿರಿನಲ್ಲಿ ಹಾಕಿಸುವಂತೆಯೂ ಇಲ್ಲ. ಮೇಟ್ರನ್‌ಗೆ ತಿಳಿಯದಿದ್ದರೆ ಡ್ಯೂಟಿ ಬದಲಿಸುವವರು ಯಾರು? ಆದ್ದರಿಂದ ನೇಮಕ ಪತ್ರ ಕೈಗೆ ಬಂದು ಹಾಜರಾದ ಕೂಡಲೇ ಬರವಣಿಗೆಯಲ್ಲಿ ತಿಳಿಸಿ, ನಕಲು ಇಟ್ಟುಕೊಳ್ಳುವುದು ಲೇಸು.

ಇನ್ನು ಕಾನೂನಿನ ಲೆಕ್ಕ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ದವಾಖಾನೆಗೆ ಅದು ಅನ್ವಯ. ಹೆರಿಗೆಯ ಅಂದಾಜು ದಿನಕ್ಕೆ ಮುಂಚಿನ 12 ತಿಂಗಳಲ್ಲಿ ಅದೇ ಮಾಲೀಕರ ಕೈಕೆಳಗೆ 80 ದಿನ ದುಡಿದಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ. ಹೆರಿಗೆಗೆ ಆರು ತಿಂಗಳಿರುವಾಗ ಸೇರಿದವಳಿಗೆ 80 ದಿನ ಸುಲಭವಾಗಿ ತುಂಬುತ್ತದೆ. ಎರಡೇ ತಿಂಗಳಿರುವಾಗ ಸೇರಿದರೆ ತುಂಬುವುದಿಲ್ಲ. ಹಳೆಯ ದವಾಖಾನೆಯಲ್ಲಿ ಐದು ವರ್ಷ ದುಡಿದಿದ್ದರೂ ಅದು ಇಲ್ಲಿ ಜಮೆಯಾಗದು. ನೌಕರಿ ಬದಲಿಸುವ ಮುನ್ನ ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಬೇಕು. 80 ದಿನ ತುಂಬಲಿ ಬಿಡಲಿ, ಹೆರಿಗೆಯ ನಂತರದ ಆರು ವಾರ ಬಾಣಂತಿಯನ್ನು ದುಡಿಸಿಕೊಳ್ಳುವುದು ನಿಷಿದ್ಧ. ಹೆರಿಗೆ ರಜೆಯಲ್ಲಿದ್ದಾಳೆಂದು ಕೆಲಸದಿಂದ ತೆಗೆಯುವುದೂ ಕಾನೂನಿಗೆ ವಿರುದ್ಧ. ಸರ್ಕಾರಿ ಖಾಯಂ ನೌಕರರಿಗೆ ಅವರದೇ ರಜೆ ನಿಯಮಗಳಿವೆ.

ಮಾಲೀಕರ ಮಾತನ್ನೂ ಕೇಳಬೇಕಲ್ಲ. "ಇರೋರೇ ಐದು ಮಂದಿ ನರ್ಸ್, ಒಬ್ಬಾಕಿಗೆ ಆರು ತಿಂಗಳ ಪಗಾರ ಕೂಡ್ಸಿ ಕೊಟ್ರ ನಾವೇನ್ ತಿನ್ನೂದು?" ಎನ್ನುತ್ತಾರೆ. ಇದು ಹುಸಿ ತಕರಾರಲ್ಲ. ಅದಕ್ಕೆ ದಾರಿ ಇಎಸ್‌ಐ. ಸಂಬಳದ ಮಿತಿಯೊಳಗಿನ ನೌಕರರ ವಂತಿಗೆ ತಿಂಗಳು ತಿಂಗಳು ಕಟ್ಟಿದ್ದರೆ ರಜೆಯ ಹಣ ಕೊಡುವುದು ಇಎಸ್‌ಐ ನಿಗಮ, ಮಾಲೀಕನ ಗಲ್ಲೆಯಲ್ಲ. ಅಲ್ಲಿ ವಿಮಾ ನಂಬರು ನೌಕರಳ ಜೊತೆಗೇ ಹೋಗುವುದರಿಂದ ಹಿಂದಿನ ಕಡೆ ಕಟ್ಟಿದ ವಂತಿಗೆಯೂ ಲೆಕ್ಕಕ್ಕೆ ಬರುತ್ತದೆ. ವಂತಿಗೆ ಉಳಿಸಲು ಹಾಜರಿ ಪುಸ್ತಕದಲ್ಲಿ ಹೆಸರೇ ಬರೆಯದ ಮಾಲೀಕ ಕೊನೆಗೆ ತನ್ನ ಕೈಯಿಂದಲೇ ತೆರಬೇಕಾದೀತು. ಇದು ವ್ಯಾಪಾರ ಬಲ್ಲ ನಮ್ಮ ಓದುಗರಿಗೆ ಹೇಳಿಕೊಡಬೇಕಿಲ್ಲ.

ಕೆಲಸಕ್ಕೆ ಸೇರುವ ದಿನವೇ ಪ್ರತಿ ಮಹಿಳೆಗೆ ಹೆರಿಗೆ ಸೌಲಭ್ಯಗಳನ್ನು ಬರೆದು ತಿಳಿಸಬೇಕೆಂದು 2017ರ ತಿದ್ದುಪಡಿ ವಿಧಿಸಿತ್ತು. ನಮ್ಮ ಗಡಿಯ ದವಾಖಾನೆಗಳಲ್ಲಿ ಆ ಪತ್ರ ಕನ್ನಡ, ತೆಲುಗು ಎರಡರಲ್ಲೂ ಇರಲಿ. ಎರಡೂ ಜಿಲ್ಲೆಗಳ ಕಾರ್ಮಿಕ ಅಧಿಕಾರಿಗಳು ಖಾಸಗಿ ನರ್ಸಿಂಗ್ ಹೋಮುಗಳ ಹಾಜರಿ ಪುಸ್ತಕದತ್ತ ಒಮ್ಮೆ ಕಣ್ಣು ಹಾಯಿಸಲಿ. ನಮ್ಮ ಸೊಸೆಯಂದಿರ ಹೆರಿಗೆಗೆ ರಾತ್ರಿಯಿಡೀ ನಿದ್ದೆಗೆಡುವವಳು ಆ ನರ್ಸಮ್ಮ. ಆಕೆ ತನ್ನ ಬಸಿರನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ದುಡಿಯುವುದು ನಮ್ಮೂರುಗಳಿಗೆ ಶೋಭೆಯಲ್ಲ.