ಮೊದಲು ಅಳತೆ, ಆಮೇಲೆ ಅಂದಾಜು

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳು ಇಂದು ಮಂಗಳೂರು, ಬೆಂಗಳೂರು, ಎರ್ನಾಕುಳಂಗಳಲ್ಲಿದ್ದಾರೆ; ಕೊಲ್ಲಿ ರಾಷ್ಟ್ರಗಳಲ್ಲಿಯೂ ನೆಲೆಸಿದ್ದಾರೆ. ವಿದ್ಯಾಭ್ಯಾಸಕ್ಕಾಗಿಯೋ ಉದ್ಯೋಗಕ್ಕಾಗಿಯೋ ಎಳೆಯ ಪ್ರಾಯದಲ್ಲಿಯೇ ಮನೆ ಬಿಡುವುದು ಗಡಿನಾಡಿನ ಅನೇಕ ಮಕ್ಕಳಿಗೆ ಅನಿವಾರ್ಯ. ಹೊರಡುವಾಗ ಅವರ ಚೀಲದಲ್ಲಿ ಅಂಕಪಟ್ಟಿಗಳ ಜೊತೆಗೆ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಗಳೂ ಇರುತ್ತವೆ. ಆದರೆ ಆ ಹಪ್ಪಳವನ್ನು ಕಾಯಿಸಿ, ಒಂದು ಲೋಟ ಅಕ್ಕಿ ಬೇಯಿಸಿ ಉಣ್ಣುವ ವಿದ್ಯೆಯನ್ನು ನಾವು ಅವರಿಗೆ ಕೊಟ್ಟು ಕಳುಹಿಸುತ್ತಿದ್ದೇವೆಯೇ? ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ಹಿರಿಯ ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದಿಡಬಯಸುತ್ತೇನೆ. ಹದಿನಾರು ವರ್ಷ ತುಂಬುವುದರೊಳಗೆ ಪ್ರತಿಯೊಂದು ಮಗುವೂ, ಗಂಡಾಗಲಿ ಹೆಣ್ಣಾಗಲಿ, ನಾಲ್ಕು ಬಗೆಯ ಸರಳ ಅಡುಗೆಯನ್ನು ಯಾರ ನೆರವೂ ಇಲ್ಲದೆ ಮಾಡಲು ಶಕ್ತವಾಗಿರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಅಡುಗೆಯು ಹೆಂಗಸರ ಕೆಲಸವೆಂಬ ಮಾತಿಗೆ ನಮ್ಮ ಪರಂಪರೆಯಲ್ಲಿಯೇ ಆಧಾರ ಸಾಲದು. ರುಚಿಯಾದ ಊಟವನ್ನು ನಾವು ಹೊಗಳುವುದು ನಳಪಾಕ, ಭೀಮಪಾಕ ಎಂದು. ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದವನು ಮೂರನೆಯ ಮಂಗರಸನೆಂಬ ಕವಿ. ಇಂದಿಗೂ ಮದುವೆ ಮುಂಜಿಗಳಲ್ಲಿ ಸಾವಿರ ಜನರಿಗೆ ಅಡುಗೆ ಮಾಡಿ ಬಡಿಸುವವರು ಹೆಚ್ಚಾಗಿ ಗಂಡಸರೇ. ಹೀಗಿದ್ದೂ ಮನೆಯ ಒಲೆಯ ಬಳಿ ಹುಡುಗನು ಸುಳಿದರೆ ‘ನಿನಗೇನು ಕೆಲಸ ಇಲ್ಲಿ?’ ಎಂದು ಗದರುವವರಿದ್ದಾರೆ. 2024ರಲ್ಲಿ ಬಂದ ಕೇರಳದ ಮೂರನೆಯ ತರಗತಿಯ ಹೊಸ ಪಾಠಪುಸ್ತಕದಲ್ಲಿ ತಂದೆಯು ಅಡುಗೆಮನೆಯಲ್ಲಿ ಕುಳಿತು ತೆಂಗಿನಕಾಯಿ ತುರಿಯುವ ಚಿತ್ರವೊಂದು ಅಚ್ಚಾಯಿತು. ಸಂತೋಷದ ವಿಷಯ. ಆದರೆ ಪುಸ್ತಕದಲ್ಲಿ ಕಂಡದ್ದನ್ನು ಮಗುವು ಮನೆಯಲ್ಲಿಯೂ ಕಾಣಬೇಡವೇ?

ಕಲಿಸುವ ಮನಸ್ಸುಳ್ಳವರೂ ಸೋಲುವುದು ಒಂದು ಶಬ್ದದಲ್ಲಿ. ಉಪ್ಪು ಎಷ್ಟು ಎಂದು ಕೇಳಿದರೆ ‘ಅಂದಾಜಿಗೆ ಹಾಕು’. ನೀರು ಎಷ್ಟು ಎಂದರೆ ‘ಅಂದಾಜಿಗೆ ಎರೆ’. ಮೂವತ್ತು ವರ್ಷ ಸೌಟು ಹಿಡಿದ ಕೈಗೆ ಅಂದಾಜು ತಿಳಿದಿರುತ್ತದೆ. ನಿನ್ನೆ ಮೊನ್ನೆ ಅಡುಗೆಮನೆಗೆ ಕಾಲಿಟ್ಟವರಿಗೆ ಅದು ಎಲ್ಲಿಂದ ಬರಬೇಕು? ಅಕ್ಷರ ಕಲಿಸುವಾಗ ನಾವು ‘ಅಂದಾಜಿಗೆ ಬರೆ’ ಎನ್ನುವುದಿಲ್ಲ. ಅ ಆ ಇ ಈ ತಿದ್ದಿಸುತ್ತೇವೆ. ಅಡುಗೆಗೂ ಅಂತಹ ತಿದ್ದುವಿಕೆ ಬೇಕು. ಒಂದು ಲೋಟ, ಒಂದು ಚಮಚ, ಒಂದು ಗಡಿಯಾರ, ಇಷ್ಟಿದ್ದರೆ ಸಾಕು. ಒಂದೇ ಅಡುಗೆಯನ್ನು ಅದೇ ಅಳತೆಯಲ್ಲಿ ಐದಾರು ಸಲ ಮಾಡಿದ ಮೇಲೆ ಅಂದಾಜು ತಾನಾಗಿ ಕೈಗೆ ಬರುತ್ತದೆ.

ಪಾಠದ ಕ್ರಮವೂ ಮುಖ್ಯ. ಮೊದಲ ಪಾಠಕ್ಕೆ ಬೆಂಕಿಯೇ ಬೇಡ. ಹಿತ್ತಿಲಿನ ಒಂದು ಹಿಡಿ ಒಂದೆಲಗವನ್ನು ಚೆನ್ನಾಗಿ ತೊಳೆದು, ಅರ್ಧ ಲೋಟ ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ ನುಣ್ಣಗೆ ಅರೆದು, ಎರಡು ಲೋಟ ಮಜ್ಜಿಗೆ ಬೆರೆಸಿ ಉಪ್ಪು ಹಾಕಿದರೆ ತಂಬುಳಿಯಾಯಿತು. ತಾನು ಮಾಡಿದ್ದನ್ನು ಮನೆಯವರೆಲ್ಲ ಉಂಡರೆಂಬ ಹಿಗ್ಗು ಮಗುವನ್ನು ಎರಡನೆಯ ಪಾಠಕ್ಕೆ ಕರೆತರುತ್ತದೆ. ಅದು ಗಂಜಿ. ಒಂದು ಲೋಟ ಕುಚ್ಚಿಲಕ್ಕಿಗೆ ಎಂಟು ಲೋಟ ನೀರು. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಗುಳನ್ನು ಬೆರಳುಗಳ ನಡುವೆ ಹಿಸುಕಿದಾಗ ಒಳಗೆ ಗಟ್ಟಿ ಉಳಿದಿರಬಾರದು. ಗಂಜಿಯನ್ನು ಬಸಿಯಬೇಕಾಗಿಲ್ಲವಾದುದರಿಂದ ಕೈ ಸುಡುವ ಭಯವೂ ಕಡಮೆ.

ಮೂರನೆಯದು ಅಲಸಂಡೆ ಪಲ್ಯ. ಕಾಲು ಕಿಲೋ ಅಲಸಂಡೆಗೆ ಎರಡು ಚಮಚ ತೆಂಗಿನೆಣ್ಣೆ, ಅರ್ಧ ಚಮಚ ಸಾಸಿವೆ, ಒಂದು ಒಣಮೆಣಸು. ಸಾಸಿವೆ ಸಿಡಿದ ಮೇಲೆಯೇ ತರಕಾರಿ. ಕಾಲು ಲೋಟ ನೀರು ಚಿಮುಕಿಸಿ ಉಪ್ಪು ಹಾಕಿ ಮುಚ್ಚಿಟ್ಟರೆ ಹತ್ತು ಹನ್ನೆರಡು ನಿಮಿಷಗಳಲ್ಲಿ ಬೇಯುತ್ತದೆ, ಕೊನೆಗೆ ಕಾಯಿತುರಿ. ಕಡಮೆಯಾದ ಉಪ್ಪನ್ನು ಸೇರಿಸಬಹುದು, ಹೆಚ್ಚಾದುದನ್ನು ಹಿಂದೆ ತೆಗೆಯಲಾಗದೆಂಬ ನೀತಿಯನ್ನು ಇಲ್ಲಿಯೇ ಕಲಿಸಬೇಕು. ನಾಲ್ಕನೆಯದು ಬೇಳೆಸಾರು: ಬೇಯಿಸಿದ ಅರ್ಧ ಲೋಟ ತೊಗರಿಬೇಳೆ, ನೆಲ್ಲಿಕಾಯಿ ಗಾತ್ರದ ಹುಣಿಸೆಹುಳಿ, ಎರಡು ಚಮಚ ಸಾರಿನ ಪುಡಿ, ಮೂರು ಲೋಟ ನೀರು, ಉಪ್ಪು, ಒಗ್ಗರಣೆ. ಈ ನಾಲ್ಕು ಬಂದರೆ ಯಾವ ಊರಿನಲ್ಲಿಯೂ ಉಪವಾಸ ಬೀಳುವ ಪ್ರಸಂಗವಿಲ್ಲ. ಹೋಳಿಗೆ, ಪಾಯಸಗಳು ಆಮೇಲೆ ಬರಲಿ.

ಒಲೆಯ ಪಾಠಗಳನ್ನು ಹತ್ತು ವರ್ಷ ದಾಟಿದ ಮಕ್ಕಳಿಗೆ ಹಿರಿಯರೊಬ್ಬರು ಬಳಿಯಲ್ಲಿದ್ದು ಕಲಿಸತಕ್ಕದ್ದು. ಒದ್ದೆ ಸೊಪ್ಪನ್ನು ಕಾದ ಎಣ್ಣೆಗೆ ಹಾಕಬಾರದು, ಆವಿ ಪೂರ್ತಿ ಇಳಿಯುವವರೆಗೆ ಕುಕ್ಕರಿನ ಮುಚ್ಚಳಕ್ಕೆ ಕೈ ಹಚ್ಚಬಾರದು, ಕೆಲಸ ಮುಗಿದೊಡನೆ ಗ್ಯಾಸಿನ ಕೀಲಿಯನ್ನು ತಿರುಗಿಸಿ ಮುಚ್ಚಬೇಕು ಎಂಬ ಮೂರು ಕಟ್ಟಳೆಗಳಿಗೆ ವಿನಾಯಿತಿಯಿಲ್ಲ. ಬಳಿಯಲ್ಲಿ ನಿಂತವರು ಸೌಟನ್ನು ಕಸಿದುಕೊಳ್ಳದಿರುವುದು ನಾಲ್ಕನೆಯ ಕಟ್ಟಳೆ. ಒಂದು ದಿನ ಪಲ್ಯ ತಳ ಹಿಡಿದರೆ ಮನೆ ಮುಳುಗುವುದಿಲ್ಲ.

ಇದರಿಂದ ಓದಿಗೆ ಅಡ್ಡಿಯಾಗದೇ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ವಾರಕ್ಕೆ ಒಂದು ಗಂಟೆ ಯಾವ ಪರೀಕ್ಷೆಯ ಅಂಕವನ್ನೂ ಕಸಿಯದು. ಫೋನಿನಲ್ಲಿ ಹೇಳಿದರೆ ಊಟ ಬಾಗಿಲಿಗೇ ಬರುವ ಕಾಲವಿದು, ನಿಜ. ಆದರೆ ದಿನಂಪ್ರತಿ ಹಾಗೆ ತರಿಸಿದರೆ ಮೊದಲ ಸಂಬಳದ ಎಷ್ಟು ಪಾಲು ಉಳಿದೀತು? ಜ್ವರ ಬಂದ ದಿನ ನಾಲಗೆ ಬಯಸುವ ತೆಳುಗಂಜಿ ಯಾವ ಅಂಗಡಿಯಿಂದ ಬಂದೀತು?

ಕಲಿಯುವವರು ಮಕ್ಕಳೇ ಆಗಬೇಕೆಂದೂ ಇಲ್ಲ. ಮಕ್ಕಳು ಪರವೂರಿಗೆ ಹೋಗಿ ಹಿರಿಯರಿಬ್ಬರೇ ಉಳಿದ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ. ಮಡದಿಯು ಆಸ್ಪತ್ರೆ ಸೇರಿದ ದಿನ, ತೋಟ ಗದ್ದೆಗಳನ್ನೆಲ್ಲ ಆಳಿದ ಯಜಮಾನರು ಒಂದು ಲೋಟ ಗಂಜಿಗಾಗಿ ನೆರೆಮನೆಯ ದಾರಿ ನೋಡಬೇಕಾಗುವುದು ದುಃಖದ ಸಂಗತಿ. ಅರುವತ್ತರಲ್ಲಿಯೂ ತಂಬುಳಿಯಿಂದ ಆರಂಭಿಸಬಹುದು.

ಶಾಲೆಯೂ ಇದಕ್ಕೆ ಕೈಜೋಡಿಸಬಹುದು. ನಮ್ಮ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಹವಿಗನ್ನಡ, ಕೊಂಕಣಿ, ಮರಾಠಿ, ಮಲೆಯಾಳ. ಅವರೆಲ್ಲ ಕೂಡಿ ಕನ್ನಡವಾಡುವ ಅಂಗಳ ಶಾಲೆ. ತಿಂಗಳಿಗೊಂದು ಶನಿವಾರ ಅಲ್ಲಿ ಅಡುಗೆಯ ಪಾಠ ನಡೆದರೆ ಲೋಟದ ಲೆಕ್ಕದಲ್ಲಿ ಭಿನ್ನರಾಶಿಯೂ ತಿಳಿಯುತ್ತದೆ. ಅರೆ, ಕಡೆ, ಬಸಿ, ಹುರಿ, ಹದ ಎಂಬ ಮಾತುಗಳಿಗೆ ಪುಸ್ತಕದಲ್ಲಿ ಅರ್ಥ ಹುಡುಕುವ ಅಗತ್ಯವೂ ಬೀಳದು. ಬಿಸಿಯೂಟವನ್ನು ಬೇಯಿಸುವ ತಾಯಂದಿರಿಗಿಂತ ಉತ್ತಮ ಗುರುಗಳು ಬೇಕೆ? ಅವರಿಗೆ ಅದಕ್ಕೆ ತಕ್ಕ ಗೌರವಧನವನ್ನು ಹಳೆ ವಿದ್ಯಾರ್ಥಿಗಳು ಒದಗಿಸಲಿ. ಆ ತರಗತಿಗೆ ಬೇಕಾದ ಲೋಟ, ಚಮಚ, ಪಾತ್ರೆಗಳನ್ನೂ ಕೊಡಿಸಲಿ. ಈ ವರ್ಷದ ನೆನಪಿಗೆ ಅದಕ್ಕಿಂತ ದೊಡ್ಡ ಕೊಡುಗೆ ಬೇಕಾಗದು.