ಕಂಪಿಸುವ ನೆಲ, ಮೈಮರೆತ ನಾವು

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಜನರಿಗೆ ಭೂಕಂಪವೆಂಬುದು ದೂರದ ಊರಿನ ಸುದ್ದಿ. ಬರ, ಬೆಳೆನಾಶ, ಕಾವೇರಿಯ ನೆರೆ, ಕಾಡಾನೆಗಳ ಹಾವಳಿ ಇವು ಅವರು ಬಲ್ಲ ಸಂಕಟಗಳು. ಕಾಲ ಕೆಳಗಿನ ನೆಲವೇ ನಡುಗೀತೆಂಬ ಅಂಜಿಕೆ ಅವರಲ್ಲಿಲ್ಲ. ಆದರೆ ಇತಿಹಾಸ ಬೇರೆಯೇ ಹೇಳುತ್ತದೆ. 1900ರ ಫೆಬ್ರವರಿ 8ರಂದು ಕೊಯಂಬತ್ತೂರು ಪ್ರದೇಶದಲ್ಲಿ ಸಂಭವಿಸಿದ, ಸುಮಾರು 6ರ ಪ್ರಮಾಣದ್ದೆಂದು ಅಂದಾಜಿಸಲಾದ ಭೂಕಂಪವು ದಕ್ಷಿಣ ಭಾರತದ ಬಹುಭಾಗವನ್ನು ಅಲುಗಾಡಿಸಿತ್ತು. ಕೊಳ್ಳೇಗಾಲವು ಆಗ ಮದರಾಸು ಪ್ರಾಂತದ ಆ ಕೊಯಂಬತ್ತೂರು ಜಿಲ್ಲೆಗೇ ಸೇರಿತ್ತು. 1956ರಲ್ಲಿ ರಾಜ್ಯದ ಗಡಿ ಬದಲಾಯಿತು. ಭೂಗರ್ಭದ ಬಿರುಕುಗಳು ಬದಲಾಗಲಿಲ್ಲ.

ದಕ್ಷಿಣದ ಪ್ರಸ್ಥಭೂಮಿ ಗಟ್ಟಿ ಬಂಡೆಯ ಮೇಲೆ ನಿಂತಿದೆ, ಇಲ್ಲಿ ಭಯವಿಲ್ಲ ಎಂಬ ನಂಬಿಕೆಯನ್ನು ಮಹಾರಾಷ್ಟ್ರದ ಕಿಲ್ಲಾರಿ ಪುಡಿಗಟ್ಟಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ ಸುಮಾರು ಹತ್ತು ಸಾವಿರ ಜನರು ಮಡಿದರು. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶವು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು! 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಡಲಾಯಿತು. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಪೇರಿಸಿದ ಭಾರೀ ಕಲ್ಲುಗೋಡೆಗಳು ಮತ್ತು ಮಣ್ಣು ಹೇರಿದ ಮಾಳಿಗೆಗಳು. ನಮ್ಮ ಹಳ್ಳಿಗಳ ಹಳೆಯ ಮನೆಗಳನ್ನು ಒಮ್ಮೆ ನೋಡಿದರೆ ಈ ಮಾತಿನ ಗಾಂಭೀರ್ಯ ತಿಳಿದೀತು.

ದೊಡ್ಡ ಅನಾಹುತವಿಲ್ಲದ ಕಂಪನವೂ ಜನಜೀವನವನ್ನು ಹೇಗೆ ಕಂಗೆಡಿಸುತ್ತದೆಂಬುದನ್ನು ರಾಜ್ಯವು ಕಂಡಿದೆ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದ ಜನರು ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು. ಅನೇಕರು ಊರನ್ನೇ ತೊರೆದರು. 2022ರ ಜೂನ್‌ನಲ್ಲಿ ಕೊಡಗಿನ ಚೆಂಬು ಹಾಗೂ ಸುಳ್ಯದ ಗಡಿಭಾಗದ ಜನರೂ ಇದೇ ಆತಂಕವನ್ನು ಅನುಭವಿಸಿದರು. ಇಂತಹ ಸಂದರ್ಭಗಳಲ್ಲಿ ಕಂಪನಕ್ಕಿಂತ ವೇಗವಾಗಿ ಹಬ್ಬುವುದು ವದಂತಿ. 'ಇಂದು ರಾತ್ರಿ ಇಂತಿಷ್ಟು ಗಂಟೆಗೆ ಮತ್ತೆ ಬರಲಿದೆ' ಎಂಬ ಸಂದೇಶ ಸಾಕು, ಇಡೀ ಊರು ಬೀದಿಗಿಳಿಯುತ್ತದೆ. ಭೂಕಂಪದ ದಿನ, ಗಳಿಗೆಯನ್ನು ಮುಂದಾಗಿ ಹೇಳುವ ವಿಜ್ಞಾನವು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ತಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂಬುದು ಕುರ್‌ಆನ್ ಕಲಿಸಿದ ಶಿಸ್ತು. ಹಾಗಿರುವಾಗ ಇಂತಹ ಸಂದೇಶವನ್ನು ಹತ್ತು ಮಂದಿಗೆ ದಾಟಿಸುವುದು ಪುಣ್ಯಕಾರ್ಯವಾದೀತೇ?

ಆದರೆ ವದಂತಿಗೆ ಜನರನ್ನಷ್ಟೇ ದೂರಿದರೆ ಸಾಲದು. ಕರಿಕಲ್ಲಿಗೆ ಹೆಸರಾದ ಚಾಮರಾಜನಗರ ಜಿಲ್ಲೆಯಲ್ಲಿ ಭಾರೀ ಸದ್ದು ಕೇಳಿಸಿದಾಗ, ಅದು ಕ್ವಾರಿಯ ಸಿಡಿತವೋ ಭೂಮಿಯ ಕಂಪನವೋ ಎಂದು ತಿಳಿಯುವ ಹಕ್ಕು ಜನರಿಗಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಾಖಲೆಯು ಕೆಲವೇ ಗಂಟೆಗಳಲ್ಲಿ, ಸರಳ ಕನ್ನಡದಲ್ಲಿ, ತಾಲೂಕು ಕಚೇರಿಯ ಮೂಲಕ ಪ್ರತಿ ಪಂಚಾಯತಿಗೂ ತಲುಪಬೇಕು. ಸರಕಾರದ ಮೌನವೇ ವದಂತಿಯ ಗೊಬ್ಬರ.

ಇನ್ನೊಂದು ಕಾಯಿಲೆಯೂ ಇದೆ. ಎಲ್ಲಿಯೋ ಭೂಮಿ ನಡುಗಿದೊಡನೆ 'ಅವರ ಪಾಪದ ಫಲ' ಎಂದು ತೀರ್ಪು ಕೊಡುವವರು ಎಲ್ಲ ಧರ್ಮಗಳಲ್ಲಿಯೂ ಇದ್ದಾರೆ. 1934ರ ಬಿಹಾರ ಭೂಕಂಪವು ಅಸ್ಪೃಶ್ಯತೆಯ ಪಾಪಕ್ಕೆ ದೊರೆತ ಶಿಕ್ಷೆಯೆಂದು ಗಾಂಧೀಜಿ ಹೇಳಿದಾಗ ರವೀಂದ್ರನಾಥ ಟ್ಯಾಗೋರರು ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನರು ಎರಡನ್ನೂ ಜೋಡಿಸಿ ಮಾತಾಡತೊಡಗಿದಾಗ, ಯಾರ ಹುಟ್ಟು ಸಾವಿಗಾಗಿಯೂ ಗ್ರಹಣ ಸಂಭವಿಸುವುದಿಲ್ಲ, ಅದು ಅಲ್ಲಾಹನ ದೃಷ್ಟಾಂತವೆಂದು ಅವರು ತಿದ್ದಿದರು. ದುಃಖದ ಆ ಗಳಿಗೆಯಲ್ಲಿಯೂ ಅಂಧಶ್ರದ್ಧೆಗೆ ಅವರು ಎಡೆಗೊಡಲಿಲ್ಲ. ವಿಪತ್ತು ನಮ್ಮ ಆತ್ಮಾವಲೋಕನಕ್ಕೆ ಕಾರಣವಾಗಲಿ, ನೊಂದವರ ವಿಚಾರಣೆಗಲ್ಲ.

ಹಾಗೆಯೇ, 'ಎಲ್ಲವೂ ವಿಧಿ' ಎಂದು ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿ ಬಳಿಕ ದೇವನಲ್ಲಿ ಭರವಸೆಯಿಡುವುದೇ ಪ್ರವಾದಿ(ಸ) ಕಲಿಸಿದ ತವಕ್ಕುಲ್. ಪ್ಲೇಗ್ ಪೀಡಿತ ಸಿರಿಯಾದ ಹಾದಿಯಿಂದ ಹಿಂದಿರುಗಿದ ಖಲೀಫಾ ಉಮರ್(ರ), ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಸಾಗುತ್ತಿದ್ದೇನೆಂದು ಉತ್ತರಿಸಿದ್ದರು.

ನಾವು ಕಟ್ಟಬೇಕಾದ ಒಂಟೆ ಯಾವುದು? ಮೊದಲಾಗಿ ನಮ್ಮ ಕಟ್ಟಡಗಳು. ಜಮಾಅತ್ ಸಮಿತಿಗಳು ಮಿನಾರದ ಎತ್ತರಕ್ಕೆ ತೋರುವ ಉತ್ಸಾಹವನ್ನು ಅಡಿಪಾಯದ ಗಟ್ಟಿತನಕ್ಕೂ ತೋರಲಿ. ನೂರಾರು ಮಕ್ಕಳು ಓದುವ ಮದ್ರಸದ ಮೇಲೆ ಇನ್ನೊಂದು ಮಹಡಿ ಏರಿಸುವ ಮುನ್ನ ಇಂಜಿನಿಯರರ ಅಭಿಪ್ರಾಯ ಕೇಳಲಿ. ಹೊಸ ಮನೆ ಕಟ್ಟುವವರು ಬಾಗಿಲು, ಕಿಟಕಿಗಳ ಮೇಲ್ಭಾಗದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ ಬಿಗಿಯುವ ಕಬ್ಬಿಣ, ಕಾಂಕ್ರೀಟಿನ ಪಟ್ಟಿಯನ್ನು ಹಾಕಿಸಿದರೆ ಅಲ್ಪ ಖರ್ಚಿನಲ್ಲಿ ಗೋಡೆ ಕುಸಿಯುವ ಅಪಾಯ ತಗ್ಗುತ್ತದೆ. ಸರಕಾರವು ಆಶ್ರಯ ಮನೆಗಳಿಗೂ, ಶಾಲೆ, ಅಂಗನವಾಡಿಗಳಿಗೂ ಇದನ್ನು ಕಡ್ಡಾಯಗೊಳಿಸಿ, ಶಿಥಿಲ ಶಾಲಾ ಕೊಠಡಿಗಳನ್ನು ತೆರವುಗೊಳಿಸಲಿ. ನೆಲ ನಡುಗಿದಾಗ ಗಟ್ಟಿಯಾದ ಮೇಜಿನಡಿ ಸೇರಿ ತಲೆಯನ್ನು ರಕ್ಷಿಸಿಕೊಳ್ಳಬೇಕು, ನಿಂತ ಬಳಿಕ ನೂಕುನುಗ್ಗಲಿಲ್ಲದೆ ಬಯಲಿಗೆ ಬರಬೇಕೆಂಬ ಪಾಠವನ್ನು ಮಕ್ಕಳಿಗೆ ಕಲಿಸಲು ಹಣವೇನೂ ಬೇಕಿಲ್ಲ. ಜುಮಾ ಖುತ್ಬಾದ ಐದು ನಿಮಿಷವೂ ಅದಕ್ಕೆ ಸಲ್ಲಬಹುದು.

ಕುರ್‌ಆನಿನ 99ನೆಯ ಅಧ್ಯಾಯದ ಹೆಸರೇ 'ಕಂಪನ'. ಅಂತಿಮ ದಿನದಂದು ಅಣುವಿನಷ್ಟು ಒಳಿತೂ ಕೆಡುಕೂ ಮನುಷ್ಯನ ಕಣ್ಣೆದುರು ಬರುವುದೆಂದು ಅದು ಎಚ್ಚರಿಸುತ್ತದೆ. ಶಾಲೆಯ ಗೋಡೆಯಲ್ಲಿ ಸಿಮೆಂಟು ಕದ್ದ ಗುತ್ತಿಗೆದಾರನ ಲೆಕ್ಕ, ಕಣ್ಮುಚ್ಚಿ ಸಹಿ ಹಾಕಿದ ಅಧಿಕಾರಿಯ ಲೆಕ್ಕ, ಬಿರುಕು ಕಂಡೂ ಸುಮ್ಮನಿದ್ದ ನಮ್ಮ ಲೆಕ್ಕ ಎಲ್ಲವೂ ಅಲ್ಲಿರುತ್ತದೆ.