ಸಿರಿಂಜಿನೊಳಗಿನ ಕೌಂಟ್ ಎಷ್ಟು?

ಬೆಂಗಳೂರಿನವರಿಗೆ ಪ್ಲೇಟ್‌ಲೆಟ್ ಎಂಬ ಪದ ಕಲಿಸಿದ್ದು ಸೊಳ್ಳೆ. ಮಳೆ ಹಿಡಿದು ಡೆಂಗಿ ಶುರುವಾಯಿತೆಂದರೆ ಮಹಾಲಕ್ಷ್ಮಿ ಲೇಔಟ್‌, ಕುರುಬರಹಳ್ಳಿ, ನಂದಿನಿ ಲೇಔಟ್‌ಗಳ ಮನೆಗಳಲ್ಲಿ ‘ಕೌಂಟ್ ಎಷ್ಟಾಯ್ತು?’ ಎಂಬುದೇ ಕುಶಲೋಪರಿ. ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದರೆ ಪರಂಗಿ ಎಲೆಗೆ ಹುಡುಕಾಟ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸುವ ಹೊತ್ತಿಗೆ ಲ್ಯಾಬ್ ರಿಪೋರ್ಟ್ ಓದುವುದು ಅಜ್ಜಿಯರಿಗೂ ರೂಢಿಯಾಗಿತ್ತು.

ಆ ಪ್ಲೇಟ್‌ಲೆಟ್ ಈಗ ಮಂಡಿಗೆ ಇಳಿದಿದೆ. ಮಹಾಲಕ್ಷ್ಮಿ ಲೇಔಟ್‌ನ ಗುಡ್ಡದ ಮೇಲಿನ ಪ್ರಸನ್ನ ವೀರಾಂಜನೇಯ ಸ್ವಾಮಿ ಗುಡಿಯ ಮೆಟ್ಟಿಲು ಹತ್ತಲಾಗದೆ ಕೆಳಗೇ ನಿಂತು ಕೈಮುಗಿಯುವವರ ಕಿವಿಗೆ ಯಾರಾದರೊಬ್ಬರು ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ) ಹೆಸರು ಹಾಕಿರುತ್ತಾರೆ. ‘ನಿಮ್ಮದೇ ರಕ್ತ, ಆಪರೇಷನ್ ಇಲ್ಲ’ ಎಂಬ ಮಾತಿಗೆ ಮನಸ್ಸು ಬೇಗ ಕರಗುತ್ತದೆ.

ವಿಧಾನ ಸರಳ. ರೋಗಿಯ ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ರಭಸವಾಗಿ ತಿರುಗಿಸುತ್ತಾರೆ. ಕೆಂಪುಕಣ ತಳಕ್ಕಿಳಿಯುತ್ತದೆ; ಪ್ಲೇಟ್‌ಲೆಟ್ ಹೆಚ್ಚಿರುವ ಹಳದಿ ದ್ರವವನ್ನು ಮಂಡಿಗೋ ಸ್ನಾಯುರಜ್ಜಿಗೋ ಚುಚ್ಚುತ್ತಾರೆ. ಗಾಯವಾದಲ್ಲಿಗೆ ಮೊದಲು ಓಡಿಬಂದು ರಿಪೇರಿಗೆ ಬೇಕಾದ ಪ್ರೊಟೀನುಗಳನ್ನು ಸುರಿಯುವ ಕಣಗಳಿವು. ಮಂಡಿಯ ಮೃದ್ವಸ್ಥಿಯಲ್ಲಿ ರಕ್ತನಾಳವೇ ಇಲ್ಲ, ಸ್ನಾಯುರಜ್ಜಿನಲ್ಲಿ ಬಲು ಕಡಿಮೆ. ರಕ್ತ ಹೋಗದಲ್ಲಿಗೆ ರಕ್ತದ ಕೆಲಸಗಾರರನ್ನು ಕೈಯಾರೆ ಕಳಿಸೋಣ ಎಂಬ ತರ್ಕದಲ್ಲಿ ತಪ್ಪೇನಿಲ್ಲ.

ಫಲಿತಾಂಶ ಮಾತ್ರ ತರ್ಕದ ಹಿಂದೆ ಹೋಗಲಿಲ್ಲ. ಚಂಡೀಗಢದ ಪಿಜಿಐ ವೈದ್ಯರು ಎರಡೂ ಮಂಡಿ ಸವೆದಿದ್ದ 78 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಪಿಆರ್‌ಪಿ ಗೆದ್ದಿತು. ಆದರೆ ಆರು ತಿಂಗಳ ಹೊತ್ತಿಗೆ ಆ ಗುಣ ಇಳಿಮುಖವಾಗಿತ್ತು. ಆಮೇಲೆ ಬಂದದ್ದು 2021ರ ಆಸ್ಟ್ರೇಲಿಯಾದ ಪರೀಕ್ಷೆ. 288 ಜನ, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಯಾರಿಗೆ ರಕ್ತದ್ದು, ಯಾರಿಗೆ ಉಪ್ಪುನೀರು ಎಂಬುದು ರೋಗಿಗಳಿಗೆ ಗೊತ್ತಿಲ್ಲ. ವರ್ಷದ ಕೊನೆಗೆ ಹತ್ತರ ಅಳತೆಯಲ್ಲಿ ಪಿಆರ್‌ಪಿ ಪಡೆದವರ ನೋವು 2.1ರಷ್ಟು ಇಳಿದಿತ್ತು, ಉಪ್ಪುನೀರಿನವರದು 1.8ರಷ್ಟು. ಮೃದ್ವಸ್ಥಿಯ ಸವೆತದಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಉಪ್ಪುನೀರಿಗೂ ನೋವು ಇಳಿಯಿತು ಎಂಬುದನ್ನು ಗಮನಿಸಬೇಕು. ‘ನಮ್ಮ ಅತ್ತಿಗೆಗೆ ವಾಸಿಯಾಯ್ತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಆದರೆ ಆ ಗುಣ ಯಾವುದರಿಂದ ಬಂತೆಂದು ಅತ್ತಿಗೆಗೂ ಗೊತ್ತಿರಲಾರದು.

ಸ್ನಾಯುರಜ್ಜಿನ ಕಥೆಯೂ ಹೆಚ್ಚು ಭಿನ್ನವಲ್ಲ. ಹಿಮ್ಮಡಿಯ ಮೇಲಿನ ರಜ್ಜಿನ ನೋವಿಗೆ ಬ್ರಿಟನ್ನಿನಲ್ಲಿ 240 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಹುಸಿ ಇಂಜೆಕ್ಷನ್‌ಗಿಂತ ಹೆಚ್ಚಿನ ಲಾಭ ಸಿಗಲಿಲ್ಲ. ರಾಕೆಟ್ ಮುಟ್ಟದೆ ಬಟ್ಟೆ ಹಿಂಡಿಯೇ ‘ಟೆನಿಸ್ ಎಲ್ಬೊ’ ತಂದುಕೊಂಡವರ ಮೊಣಕೈಗೂ ಪ್ರಯೋಜನ ಸಂಶಯವೆಂದು 2021ರ ಕಾಕ್ರೇನ್ ಪರಿಶೀಲನೆ ಹೇಳಿತು.

ಗಾಲ್ಫ್‌ನ ಟೈಗರ್ ವುಡ್ಸ್, ಟೆನಿಸ್‌ನ ನಡಾಲ್ ಪಿಆರ್‌ಪಿ ತೆಗೆದುಕೊಂಡಿದ್ದರಲ್ಲ ಎನ್ನಬಹುದು. ಆಟಗಾರರು ಹೇಗೆ ಚೇತರಿಸಿಕೊಳ್ಳುತ್ತಾರೆಂದು ತಿಳಿಯಲು ನಮ್ಮ ಕ್ರಿಕೆಟಿಗ ಕೆ.ಎಲ್. ರಾಹುಲ್ ಅವರನ್ನೇ ನೋಡೋಣ. 2023ರ ಮೇ 1ರಂದು ಲಖನೌದಲ್ಲಿ ಫೀಲ್ಡಿಂಗ್ ಮಾಡುವಾಗ ತೊಡೆಗೆ ಪೆಟ್ಟಾಗಿ, ರಜ್ಜಿಗೆ ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಕಸರತ್ತು. ಸೆಪ್ಟೆಂಬರ್ 11ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111. ಆಟಗಾರರ ಹಿಂದೆ ಫಿಸಿಯೊ ಇರುತ್ತಾರೆ, ಬಿಡುವಿರುತ್ತದೆ. ಅವರ ಗುಣವನ್ನು ಒಂದು ಸೂಜಿಯ ಖಾತೆಗೆ ಬರೆಯುವುದು ಲೆಕ್ಕ ತಪ್ಪಿದಂತೆ.

ಆಸ್ಟ್ರೇಲಿಯಾದ ಪರೀಕ್ಷೆಗೆ ಪಿಆರ್‌ಪಿ ಪರ ವೈದ್ಯರ ದೊಡ್ಡ ಆಕ್ಷೇಪ, ಅಲ್ಲಿ ಕೊಟ್ಟ ದ್ರವದಲ್ಲಿ ಪ್ಲೇಟ್‌ಲೆಟ್ ಸಾಲದಾಗಿತ್ತು ಎಂಬುದು. ಇದ್ದರೂ ಇರಬಹುದು. ಹಾಗಾದರೆ ಇಲ್ಲಿ ಎಷ್ಟು ಕೊಡುತ್ತಿದ್ದಾರೆ? ಒಂದು ಕ್ಲಿನಿಕ್ ಒಮ್ಮೆ ತಿರುಗಿಸಿದರೆ ಇನ್ನೊಂದು ಎರಡು ಬಾರಿ. ಒಬ್ಬರು ಬಿಳಿರಕ್ತಕಣ ಉಳಿಸಿಕೊಂಡರೆ ಮತ್ತೊಬ್ಬರು ತೆಗೆಯುತ್ತಾರೆ. ಹೆಸರು ಎಲ್ಲ ಕಡೆ ಒಂದೇ. ಸಂಜೀವಿನಿ ಯಾವುದೆಂದು ತಿಳಿಯದೆ ಬೆಟ್ಟವನ್ನೇ ಹೊತ್ತು ತಂದ ಆಂಜನೇಯನಿಗೆ ಮಾಫಿ ಇದೆ, ಅವನು ದುಡ್ಡು ಕೇಳಲಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಮಂಡಿ ಸವೆತಕ್ಕೆ ಪಿಆರ್‌ಪಿ ಬೇಡವೆಂದದ್ದಕ್ಕೂ ಈ ಗೊಂದಲ ಒಂದು ಕಾರಣ. ಅದೇ ಸಂಘ ವ್ಯಾಯಾಮ ಮತ್ತು ತೂಕ ಇಳಿಕೆಯನ್ನು ಗಟ್ಟಿಯಾಗಿ ಶಿಫಾರಸು ಮಾಡಿದೆ. ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ತಗ್ಗುತ್ತದೆ. ಇದಕ್ಕೆ ಬಿಲ್ ಇಲ್ಲ, ಬಹುಶಃ ಅದಕ್ಕೇ ಜಾಹೀರಾತಿನ ಬೋರ್ಡೂ ಇಲ್ಲ.

ಪಿಆರ್‌ಪಿ ನಿಷೇಧಿಸಬೇಕಾಗಿಲ್ಲ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕೆಂಬ ನಿಯಮ ಕರ್ನಾಟಕದಲ್ಲಿ ಈಗಾಗಲೇ ಇದೆ. ಈ ಚಿಕಿತ್ಸೆಗೆ ಅದರ ಜೊತೆ ಇನ್ನೆರಡು ಸಾಲು ಸೇರಲಿ. ಉಪ್ಪುನೀರಿನ ಎದುರು ಇದು ಪರೀಕ್ಷೆಗಳಲ್ಲಿ ಹೇಗೆ ನಿಂತಿದೆ ಎಂಬುದು ಒಂದು, ಇಂದು ಈ ರೋಗಿಗೆ ಚುಚ್ಚುವ ದ್ರವದ ಕೌಂಟ್ ಇನ್ನೊಂದು. ಡೆಂಗಿ ಕಾಲದಲ್ಲಿ ಬೆಳಗ್ಗೆ ಸಂಜೆ ಕೌಂಟ್ ಎಣಿಸುವ ಯಂತ್ರ ಬಡಾವಣೆಯ ಲ್ಯಾಬಿನಲ್ಲೇ ಇದೆ. ಆ ದ್ರವದ ಒಂದೆರಡು ಹನಿಯನ್ನು ಅದಕ್ಕೆ ಹಾಕಿ, ಬಂದ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದುಕೊಟ್ಟರೆ ಸಾಕು.